ನಡುಗುವ ಗೆರೆ

ಹೊಳೆದಂಡೆಯ ಮಠದಲ್ಲಿ ಮಡಿವಾಳಯ್ಯ ಎಂಬ ಗುರುಗಳಿದ್ದರು. ಓದಲು ಬಾರದವರಿಗೂ ತಿಳಿಯಲೆಂದು ಹಳೆಯ ಕತೆಗಳನ್ನು ಬಟ್ಟೆಯ ಮೇಲೆ ಸಾಲು ಚಿತ್ರಗಳಾಗಿ ಬರೆಯುತ್ತಿದ್ದರು.

ಶಿಷ್ಯ ಚನ್ನಮಲ್ಲ ಹದಿನೆಂಟು ವರ್ಷ ಅವರ ಪಕ್ಕದಲ್ಲೇ ಕೂತು ಕಲಿತವನು.

ಈಗ ಗುರುಗಳ ಕಣ್ಣು ಮಂಜಾಗಿತ್ತು. ಅವರು ಕುಂಚ ಹಿಡಿಯುತ್ತಿದ್ದ ಎಡಗೈ ಕೆಲವು ವರ್ಷಗಳಿಂದ ನಡುಗುತ್ತಿತ್ತು. ಮಠದ ಕುಂಚ ಇನ್ನೊಬ್ಬರ ಕೈಗೆ ಹೋಗಬೇಕಿತ್ತು.

"ಗೂಢಚಾರನ ಕತಿ ಬರಿ," ಎಂದರು ಒಂದು ದಿನ. "ನಲವತ್ತು ಚಿತ್ರ. ಮೂವತ್ತೊಂಬತ್ತರಾಗ ಅವನ ಬೆನ್ನಷ್ಟ ಕಾಣಬೇಕು. ಕಡೀದರಾಗ ತಿರುಗಿ ಮಾರಿ ತೋರಸ್ತಾನ. ಆ ಮಾರಿ ಸರಿ ಬಂತಂದ್ರ ಕುಂಚ ನಿಂದು."

ಕತೆ ಇಷ್ಟೇ. ಯಾರೂ ಕಂಡಿರದ ಒಬ್ಬ ಕಳ್ಳನನ್ನು ಹುಡುಕಲು ಅರಸ ಗೂಢಚಾರನನ್ನು ಕಳಿಸುತ್ತಾನೆ. ಕಳ್ಳನ ಬುದ್ಧಿ ತಿಳಿಯಲೆಂದು ಗೂಢಚಾರ ಅವನು ಬಿಟ್ಟುಹೋದ ಮನೆಯಲ್ಲೇ ಉಳಿಯುತ್ತಾನೆ, ಅವನ ಅಂಗಿ ತೊಡುತ್ತಾನೆ, ಅವನ ಹೆಸರಿಗೆ ಓಗೊಡುತ್ತಾನೆ. ವರ್ಷಗಳು ಕಳೆದ ಮೇಲೆ ಅರಸನ ಆಳುಗಳು ಬಂದು ಕಳ್ಳನೆಂದು ಇವನನ್ನೇ ಹಿಡಿಯುತ್ತಾರೆ. ನೀನು ಯಾರು ಎಂದರೆ ಇವನಿಗೆ ಉತ್ತರ ಹೊಳೆಯುವುದಿಲ್ಲ.

ಎಂಥ ದಡ್ಡ ಎಂದು ನಕ್ಕು ಚನ್ನಮಲ್ಲ ಬರೆಯಲು ಕೂತ.

ವರ್ಷ ಹಿಡಿಯಿತು. ಮೋಡ ಕವಿದ ಒಂದು ಮಧ್ಯಾಹ್ನ ಕೊನೆಯ ಚಿತ್ರವನ್ನು ಹಸಿಹಸಿಯಾಗಿಯೇ ಗುರುಗಳ ಮುಂದಿಟ್ಟ.

"ಅಜ್ಜಾರ, ಮುಗೀತ್ರಿ."

ಗುರುಗಳು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಯಾರ ಗೆರಿ?"

"ನಂದ್ರಿ."

"ಅಲ್ಲ. ಇದು ನನ್ನ ಗೆರಿ."

ಚನ್ನಮಲ್ಲನ ಎದೆ ಹಿಗ್ಗಿತು. ಈ ಒಂದು ಮಾತಿಗಾಗಿ ಇಷ್ಟು ವರ್ಷ ಕಾದಿದ್ದ.

"ಗದ್ದದ ಹತ್ತರ ಗೆರಿ ನಡಗೇತಿ. ಯಾಕ?"

"ನೀವು ಬರದ ಮಾರಿಗೋಳಾಗೆಲ್ಲಾ ಗೆರಿ ಅಲ್ಲೇ ನಡಗತೈತ್ರಿ. ಭಾಳ ಸೂಕ್ಷ್ಮ ಕೆಲಸ. ಅದನ್ನ ಕಲಿಯಾಕ ಮೂರು ವರ್ಷ ಬೇಕಾತು."

ಗುರುಗಳು ಕಣ್ಣು ಮುಚ್ಚಿದರು. ಅವರಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

"ಅದು ಮುಪ್ಪೋ ತಮ್ಮಾ."

ಗುರುಗಳು ಕೈ ಚಾಚಿ, ಕುಂಚ ಹಿಡಿದಿದ್ದ ಚನ್ನಮಲ್ಲನ ಕೈಯನ್ನು ತಡವಿದರು.

"ನೀ ಎಡಚ ಏನು?"

"ಅಲ್ರಿ."

"ಮತ್ತ ಕುಂಚ ಎಡಗೈಯಾಗ ಯಾಕ?"

"ನೀವು ಎಡಗೈಲೆ ಬರೀತೀರಿ. ಅದಕ್ಕ ನಾನೂ ರೂಢಿ ಮಾಡ್ಕೊಂಡೆ."

"ಬಂದ ದಿನ ಗ್ವಾಡಿ ಮ್ಯಾಲ ಇದ್ದಲಿಲೆ ಒಂದು ಎತ್ತು ಬರದಿದ್ದಿ. ಬಲಗೈಲೆ. ಅದರ ಕಾಲು ಸೊಟ್ಟ ಇದ್ವು. ಆದ್ರ ಎತ್ತು ನಡೀತಿತ್ತು. ಅದನ್ನ ನೋಡೇ ನಿನ್ನ ಇಟ್ಕೊಂಡೆ."

ಗುರುಗಳು ಬಟ್ಟೆಯನ್ನು ನೆಲದ ಮೇಲೆ ಹರವಿದರು.

"ನೀ ಕೈ ಬದಲಿಸಿದಾಗ ನಾನೂ ಹಿಗ್ಗಿದ್ದೆ. ಶಿಷ್ಯ ಅಂದ್ರ ಹಿಂಗಿರಬೇಕು ಅಂತಂದು ಸುಮ್ಮನಾದೆ. ಆ ತಪ್ಪು ನಂದು."

ಒದ್ದೆ ಅರಿವೆಯಿಂದ ಗೂಢಚಾರನ ಮುಖವನ್ನು ಒರೆಸಿದರು. ಅಲ್ಲೊಂದು ಮಾಸಲು ಕಲೆ ಉಳಿಯಿತು.

"ಬಲಗೈಲೆ ಬರಿ."

ಚನ್ನಮಲ್ಲ ಕುಂಚವನ್ನು ಬಲಗೈಗೆ ತೆಗೆದುಕೊಂಡ. ಬೆರಳುಗಳು ಮಾತು ಕೇಳಲಿಲ್ಲ. ಮೂಗು ಸೊಟ್ಟಗಾಯಿತು, ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ ಕೂತಿತು. ಜಾತ್ರೆಯಲ್ಲಿ ತಾಯಿಯ ಕೈ ತಪ್ಪಿದವನಂತೆ ಆ ಮುಖ ಕಂಗಾಲಾಗಿತ್ತು.

ತಾನು ನಕ್ಕಿದ್ದ ದಡ್ಡ ಯಾರೆಂದು ಅವನಿಗೆ ಗೊತ್ತಾಯಿತು. ನಾಚಿಕೆಯಿಂದ ಕುಂಚವನ್ನು ಗುರುಗಳ ಕಾಲ ಬಳಿ ಇಟ್ಟ.

"ಕುಂಚ ಬ್ಯಾಡ್ರಿ ಅಜ್ಜಾರ. ನನಗ ಏನೂ ಬರೂದಿಲ್ಲ."

ಗುರುಗಳು ಮತ್ತೆ ಬಟ್ಟೆಯನ್ನು ಮೂಗಿನ ಹತ್ತಿರ ತಂದರು. ಆಮೇಲೆ ನೆಲವನ್ನು ತಡವರಿಸಿ ಕುಂಚ ಹುಡುಕಿ, ನಡುಗುವ ಕೈಯಿಂದ ಅವನ ಬಲಗೈಯಲ್ಲಿಟ್ಟು ಬೆರಳು ಮಡಿಸಿದರು.

"ಬಂದ್ಯಾ ತಮ್ಮಾ? ನಿನ್ನ ದಾರಿ ನೋಡಿ ನೋಡಿ ನನ್ನ ಕಣ್ಣ ಹೋದ್ವು."