ಹಸಿದ ಬಾಯಿಯ ಮೀನು

ಮಲಪ್ರಭೆಯ ದಂಡೆಯ ಮೇಲೆ, ಬಂದವರಿಗೆಲ್ಲ ಊಟ ಹಾಕುವ ಒಂದು ಆಶ್ರಮ. ಅಲ್ಲಿ ದುಂಡಯ್ಯನೆಂಬ ಶಿಷ್ಯನಿದ್ದ. ಹೆಸರಿಗೆ ತಕ್ಕ ಮೈ, ಮೈಗೆ ತಕ್ಕ ಹಸಿವು.

ಒಂದು ದಿನ ಗುರುಗಳು ಅವನನ್ನು ಕರೆದು ಉಗ್ರಾಣದ ಕೀಲಿಕೈ ಮುಂದೆ ಹಿಡಿದರು. ದುಂಡಯ್ಯ ಹಿಂದೆ ಸರಿದ.

“ಬ್ಯಾಡ್ರಿ ಅಪ್ಪಾರ. ಬೆಲ್ಲದ ವಾಸನಿ ಬಡದ್ರ ನನ್ನ ಕೈ ನನ್ನ ಮಾತ ಕೇಳೂದಿಲ್ಲ. ಆಸೆ ಹೋಗದವ ಇಲ್ಲಿ ಇರಬಾರದು. ನಾ ಊರಿಗೆ ಹೊಂಟೆ.”

ಗುರುಗಳು ಕೀಲಿಕೈಯನ್ನು ನಡುವಿಗೆ ಸಿಕ್ಕಿಸಿಕೊಂಡರು. ಹೋಗುವವನು ಹೋಗಲಿ, ಅದಕ್ಕೆ ಮೊದಲು ಒಂದಿಷ್ಟು ದಿನ ಮೀನಿನ ತೊಟ್ಟಿ ನೋಡಿಕೊಳ್ಳಲಿ ಎಂದರು.

ಅದು ಭಕ್ತರೊಬ್ಬರು ಕೊಟ್ಟ ಗಾಜಿನ ತೊಟ್ಟಿ. ಒಳಗೆ ಕಲ್ಲಿನ ಮೇಲೆ ಕಲ್ಲು ಒಟ್ಟಿದ್ದರು. ಅದರ ಸಂದಿಗೊಂದಿಗಳಲ್ಲಿ ಆಫ್ರಿಕದ ದೊಡ್ಡ ಸರೋವರದ ತಳಿಯ ಸಿಕ್ಲಿಡ್ ಮೀನುಗಳು, ಕೆಲವು ಅರಿಸಿನದ ಹಳದಿ, ಕೆಲವು ನೀಲಿ. ಚೆಲುವಿನಲ್ಲಿ ಒಂದಕ್ಕಿಂತ ಒಂದು ಮೇಲು, ಜಗಳದಲ್ಲೂ ಹಾಗೆಯೇ. ಮನುಷ್ಯರ ನೆರಳು ಕಂಡರೆ ಸಾಕು, ಎಲ್ಲವೂ ಬಾಯಿ ತೆರೆದು ಮೇಲಕ್ಕೆ ನುಗ್ಗುತ್ತಿದ್ದವು. ತನ್ನ ಬಳಗ ಸಿಕ್ಕಿತೆಂದು ದುಂಡಯ್ಯನಿಗೆ ಖುಷಿಯಾಯಿತು.

ಕೆಲವೇ ದಿನಗಳಲ್ಲಿ ಒಂದು ಹಳದಿ ಮೀನು ತಿನ್ನುವುದನ್ನು ಬಿಟ್ಟಿತು. ಮೀನಿನ ಆಹಾರದ ಕಾಳು ಹಾಕಿದಾಗ ಉಳಿದವುಗಳ ಜೊತೆ ಮೇಲಕ್ಕೆ ಬರುತ್ತಿತ್ತು, ಕಾಳಿನ ಮುಂದೆ ನಿಲ್ಲುತ್ತಿತ್ತು, ತಿರುಗಿ ಸಂದಿಗೆ ಹೋಗುತ್ತಿತ್ತು. ಹಸಿವಿಲ್ಲವೆಂದರೆ ದೊಡ್ಡ ರೋಗವೇ ಇರಬೇಕೆಂದು ದುಂಡಯ್ಯನ ಲೆಕ್ಕ. ಬೇರೆ ಪಾತ್ರೆಯಲ್ಲಿಟ್ಟು ಔಷಧ ಕೊಡಲು ಬಲೆ ಇಳಿಸಿದ.

ಗುರುಗಳು ಅವನ ಮಣಿಕಟ್ಟು ಹಿಡಿದರು. “ಬಾಯಿ ನೋಡು.”

ಗದ್ದದ ಕೆಳಗೆ ಉಬ್ಬಿತ್ತು. ಈ ಜಾತಿಯ ತಾಯಿ ತತ್ತಿಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅಲ್ಲಿಯವರೆಗೆ ಉಪವಾಸ ಎಂದು ಗುರುಗಳು ತಿಳಿಸಿದರು.

ದುಂಡಯ್ಯನಿಗೆ ಗಾಬರಿ. “ಹೊಟ್ಟಿ ಹಸದಾಗ ಬಾಯಾಗಿನ ತತ್ತಿ ನುಂಗಿದ್ರ?”

“ಅಕಿನ್ನ ಕೇಳು.”

ಅಂದಿನಿಂದ ಅವನು ತೊಟ್ಟಿ ಬಿಟ್ಟು ಏಳಲಿಲ್ಲ. ಮೀನಿನ ಹೊಟ್ಟೆ ಒಳಸರಿಯಿತು, ಹಳದಿ ಮಾಸಿತು. ಕಾಳು ಅದರ ತುಟಿಗೇ ತಾಗಿ ಕೆಳಗೆ ಬೀಳುತ್ತಿತ್ತು. ಆ ಬೆರಳುದ್ದದ ಜೀವಕ್ಕೆ ಕೈಮುಗಿಯಬೇಕು ಎನಿಸುತ್ತಿತ್ತು ದುಂಡಯ್ಯನಿಗೆ. ತನ್ನ ಊಟದ ಮುಂದೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ.

ಒಂದು ಬೆಳಗ್ಗೆ ತಾಯಿ ಬಾಯಿ ತೆರೆಯಿತು. ಜೀರಿಗೆಯಷ್ಟು ಮರಿಗಳು ಒಂದೊಂದಾಗಿ ಹೊರಬಂದು ಕಲ್ಲಿನ ಸಂದಿ ಸೇರಿದವು. ಕೊನೆಯ ಮರಿ ಅಡಗಿದ ಮೇಲೆ ತಾಯಿ ಮೇಲೆ ಬಂದು, ದುಂಡಯ್ಯನ ಬೆರಳಿನಿಂದಲೇ ಕಾಳು ಕಿತ್ತುಕೊಂಡು ಗಬಗಬನೆ ತಿಂದಿತು.

ಅವನು ಗುರುಗಳ ಹತ್ತಿರ ಓಡಿದ. ಕಣ್ಣಲ್ಲಿ ನೀರು.

“ಅಕಿ ಹಸಿವು ಎಲ್ಲೂ ಹೋಗಿರಲಿಲ್ರಿ ಅಪ್ಪಾರ. ಇಷ್ಟು ದಿನಾನೂ ಇತ್ತು. ಇದ್ರೂ ನುಂಗಲಿಲ್ಲ.”

ಗುರುಗಳು ನಡುವಿನಿಂದ ಕೀಲಿಕೈ ತೆಗೆದು ಅವನ ಅಂಗೈಯಲ್ಲಿಟ್ಟರು.

ದುಂಡಯ್ಯ ತಲೆ ತಗ್ಗಿಸಿದ. “ಅಕಿ ತಾಯಿರಿ. ಅವು ಅಕಿ ಮಕ್ಕಳು. ನನಗ ಯಾರ ಅದಾರ?”

“ಹೊರಗ ಪಂಕ್ತಿಗೆ ಮಂದಿ ಕುಂತಾರ,” ಎಂದರು ಗುರುಗಳು. “ಅವರು ಯಾರ ಮಕ್ಕಳು, ಹೋಗಿ ನೋಡ್ಕೊಂಡು ಬಾ.”