ಆಂಟಿ ರೋಲ್ ಬಾರ್ ತರಲು ಹೋದ ಗುರುಸಿದ್ದ

ಕತೆ ಕೇಳುವವರು ಕೇಳಿ. ಆದರೆ ಕೇಳಿದ್ದನ್ನು ಕೇಳಿದ ಹಾಗೇ ಮಾಡಲು ಹೊರಡಬೇಡಿ. ಹಾಗೆ ಹೊರಟವನದೇ ಈ ಕತೆ.

ಹೊಳೆದಂಡೆಯ ಒಂದೂರಲ್ಲಿ ಸಾವಂತ್ರಮ್ಮ, ಅವಳಿಗೆ ಒಬ್ಬನೇ ಮಗ ಗುರುಸಿದ್ದ. ವಯಸ್ಸು ಇಪ್ಪತ್ತೈದು, ಎತ್ತರ ಆರಡಿ, ಬುದ್ಧಿ ಮಾತ್ರ ಮೊಣಕಾಲಿನಿಂದ ಮೇಲಕ್ಕೆ ಬಂದಿಲ್ಲ. ಒಂದು ದಿನ ಸಾವಂತ್ರಮ್ಮ "ಮನೆ ನೋಡ್ಕೋ" ಅಂತ ಹೇಳಿ ನೀರಿಗೆ ಹೋದಳು. ಬಂದು ನೋಡಿದರೆ ಮಗ ಎದುರುಮನೆ ಜಗಲಿ ಮೇಲೆ ಕೂತು ಮನೆಯನ್ನೇ ನೋಡುತ್ತಿದ್ದಾನೆ, ಒಳಗೆ ನಾಯಿ ರೊಟ್ಟಿ ತಿನ್ನುತ್ತಿದೆ.

"ನಾಯಿ ಒಳಗೆ ಹೋಗಿದ್ದು ಕಾಣಲಿಲ್ವೇನೋ?"

"ಕಾಣ್ತವ್ವ. ನೋಡ್ತಾನೇ ಇದ್ದೆ."

ಸಾವಂತ್ರಮ್ಮ ಹಣೆ ಹಣೆ ಚಚ್ಚಿಕೊಂಡಳು. ನೋಡ್ಕೋ ಅಂದರೆ ಬರೀ ನೋಡುವುದಲ್ಲ, ಏನು ಮಾಡಬೇಕೋ ಅದನ್ನು ಮಾಡುವುದು ಅಂತ ಬುದ್ಧಿ ಹೇಳಿದಳು. ಆಯಿತು ಅಂದ ಗುರುಸಿದ್ದ.

ತಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು? ಅದೊಂದೇ ಅವಳ ಚಿಂತೆ. ಅದಕ್ಕೇ ಅವನನ್ನು ಕರೆದುಕೊಂಡು ಪಾಲಾಕ್ಷಿ ಮೇಸ್ತ್ರಿಯ ಗ್ಯಾರೇಜಿಗೆ ಹೋಗಿ, ಏನಾದರೂ ಒಂದು ಕೆಲಸ ಕೊಡಿ ಅಂತ ಕೈಮುಗಿದಳು.

ಮೇಸ್ತ್ರಿ ಕೆಲಸದಲ್ಲಿ ಗಟ್ಟಿಗ, ಆದರೆ ತನ್ನ ನೆರಳನ್ನೂ ನಂಬುವವನಲ್ಲ. ಚಹಾ ಕೊಟ್ಟರೆ ಮೂಸಿ ನೋಡಿಯೇ ಕುಡಿಯುತ್ತಿದ್ದ. ಅವನಿಗೊಂದು ಹುಚ್ಚು. ಊರಾಚೆ ಹಾಳುಬಿದ್ದ ಇಟ್ಟಿಗೆ ಭಟ್ಟಿಯ ಬಯಲಲ್ಲಿ ಭಾನುವಾರ ಭಾನುವಾರ ರಿಮೋಟ್ ಕಾರುಗಳ ರೇಸು. ಮೊಳದುದ್ದದ ಕಾರು, ಮಣ್ಣಿನ ದಾರಿ, ದಾರಿ ತುಂಬಾ ದಿಣ್ಣೆ. ಮೇಸ್ತ್ರಿಯ ಕಾರು ಪ್ರತಿಸಲವೂ ಕೊನೇ ತಿರುವಿನಲ್ಲಿ ಮಗುಚಿ ಬೀಳುತ್ತಿತ್ತು, ಬ್ಯಾಟರಿ ಅಂಗಡಿ ಇದಾಯತ್ ಗೆಲ್ಲುತ್ತಿದ್ದ. ಇದರಲ್ಲಿ ಏನೋ ಮಸಲತ್ತಿದೆ ಅಂತ ಮೇಸ್ತ್ರಿಯ ಗುಮಾನಿ.

ಗುರುಸಿದ್ದನನ್ನು ಮೇಲಿಂದ ಕೆಳಗೆ ನೋಡಿದ. ಇಷ್ಟು ಪೆದ್ದ ಇರಲು ಸಾಧ್ಯವೇ? ಇದಾಯತ್ ಕಳಿಸಿದ ಬೇಹಿನವನೋ ಏನೋ. ಮೂರು ಭಾನುವಾರ ನೋಡುತ್ತೇನೆ, ಸರಿಹೋದರೆ ಗ್ಯಾರೇಜಿನಲ್ಲಿ ಕಾಯಂ ಅಂದ.

ಮೊದಲನೇ ಭಾನುವಾರ ಕಾರು ಮತ್ತೆ ಮಗುಚಿತು. ಮೇಸ್ತ್ರಿ ಅವಸರದಲ್ಲಿ, "ಮನೆಗೆ ಓಡು, ಆಂಟಿ ರೋಲ್ ಬಾರ್ ತಗೊಂಡು ಬಾ" ಅಂದ.

ಗುರುಸಿದ್ದ ಓಡಿದ. ಮೇಸ್ತ್ರಿಯ ಹೆಂಡತಿ ಕೊಟ್ರಮ್ಮನ ಮುಂದೆ ನಿಂತು, "ಆಂಟಿ, ನಿಮ್ಮ ರೋಲ್ ಬಾರ್ ಬೇಕಂತೆ" ಅಂದ. ಆಕೆ ಚಪಾತಿ ಲಟ್ಟಿಸುತ್ತಿದ್ದಳು. ನನ್ನ ಹತ್ತಿರ ಉರುಳುವುದು ಇದೊಂದೇ ಅಂತ ಲಟ್ಟಣಿಗೆ ಕೊಟ್ಟಳು. ಕೊಟ್ಟ ಮೇಲೆ, ಗಂಡ ಬಯಲಲ್ಲಿ ಯಾರಿಗೆ ಚಪಾತಿ ಮಾಡುತ್ತಿದ್ದಾನೆ ಅಂತ ಅವಳಿಗೂ ಗುಮಾನಿ ಹತ್ತಿತು.

ಲಟ್ಟಣಿಗೆ ನೋಡಿ ಬಯಲಿಗೆ ಬಯಲೇ ನಕ್ಕಿತು. ಮೇಸ್ತ್ರಿ ಉಗಿದ. "ಅದು ಆಂಟಿದಲ್ಲ ಕಣೋ, ಕಾರಿಂದು! ಸಣ್ಣ ಕಂಬಿ. ಎಡದ ಚಕ್ರ, ಬಲದ ಚಕ್ರ ಎರಡನ್ನೂ ಸೇರಿಸಿ ಹಿಡಿಯುತ್ತೆ. ಒಂದು ಕಡೆ ಏಳೋಕೆ ಹೋದ್ರೆ ಇನ್ನೊಂದು ಕಡೆ ಬಿಡಲ್ಲ. ಆಗ ಕಾರು ವಾಲಲ್ಲ."

ಮನೆಯಲ್ಲಿ ತಾಯಿಯೂ ಬೈದಳು. ಹೇಳುವವರೆಗೆ ಕಾಯಬೇಡ, ನೀನೇ ಮುಂದಾಗಿ ಮಾಡು ಅಂದಳು. ಆಯಿತು ಅಂದ ಗುರುಸಿದ್ದ.

ಎರಡನೇ ಭಾನುವಾರ ಅವನೇ ಮುಂದಾದ. ಎಡದ ಚಕ್ರ, ಬಲದ ಚಕ್ರ ಎರಡನ್ನೂ ಸೇರಿಸಿ ಸೆಂಟ್ರಿಂಗ್ ಕೆಲಸದ ತಂತಿಯಿಂದ ಬಿಗಿಯಾಗಿ ಕಟ್ಟಿದ. ಎಲ್ಲ ಕಾರುಗಳೂ ಹೊರಟವು, ಮೇಸ್ತ್ರಿಯದು ನಿಂತಲ್ಲೇ ಗುರ್ ಅಂದಿತು. ವಾಲಲಿಲ್ಲ, ನಿಜ. ಅಲ್ಲಾಡಲೂ ಇಲ್ಲ. ಇದಾಯತ್ ನಗು ತಡೆದುಕೊಂಡು ಯಾರಪ್ಪ ಇದನ್ನು ಕಲಿಸಿದವರು ಅಂತ ಕೇಳಿದ. "ನಮ್ಮ ಪಾಲಾಕ್ಷಿ ಮೇಸ್ತ್ರಿ" ಅಂತ ಗುರುಸಿದ್ದ ಎದೆಯುಬ್ಬಿಸಿ ಹೇಳಿದ.

ಮೇಸ್ತ್ರಿಯ ಮಾನ ಹೋಯಿತು. ಇವನು ಬೇಕಂತಲೇ ಮಾಡುತ್ತಿದ್ದಾನೆ ಅನ್ನಿಸಿತು. ಇನ್ನು ಮೇಲೆ ಯಾರು ಏನೇ ಕೇಳಲಿ, ನನ್ನ ಹೆಸರು ಹೇಳಬೇಡ ಅಂತ ತಾಕೀತು ಮಾಡಿದ. ಆಯಿತು ಅಂದ ಗುರುಸಿದ್ದ.

ಆ ವಾರ ಮೇಸ್ತ್ರಿ ಗ್ಯಾರೇಜಿನ ಬಾಗಿಲು ಹಾಕಿಕೊಂಡು ತಾನೇ ಕಾರಿಗೆ ದಪ್ಪ ಕಂಬಿ ಕೂರಿಸಿದ. ಕೂರಿಸಿದ ಮೇಲೆ ಒಂದು ಅಳುಕು. ದಪ್ಪ ಕಂಬಿ ಇದ್ದರೆ ತಿರುವಿನಲ್ಲಿ ಕಾರು ವಾಲುವುದಿಲ್ಲ, ಆದರೆ ಉಬ್ಬುತಗ್ಗಿನಲ್ಲಿ ಕುಪ್ಪಳಿಸುತ್ತದೆ. ಶನಿವಾರ ಗುರುಸಿದ್ದನಿಗೆ ಹೇಳಿದ: "ಈ ಕಂಬಿಗೆ ನೆಲ ಸಮ ಇರಬೇಕು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ನೆಲ ನೋಡ್ಕೋ."

ನೋಡ್ಕೋ ಅಂದರೆ ಬರೀ ನೋಡುವುದಲ್ಲ. ಅಷ್ಟು ಬುದ್ಧಿ ಅವನಿಗೆ ಬಂದಿತ್ತು, ತಾಯಿಯೇ ಹೇಳಿದ್ದಳಲ್ಲ. ಕೋಳಿ ಕೂಗುವ ಹೊತ್ತಿಗೆ ಗುದ್ದಲಿ ಹಿಡಿದು ಹೋದ. ದಿಣ್ಣೆ ಕಡಿದ, ಗುಂಡಿ ಮುಚ್ಚಿದ, ನೀರು ಚಿಮುಕಿಸಿ ದಮ್ಮಸು ಹಾಕಿ ಗಟ್ಟಿ ಮಾಡಿದ. ಬಿಸಿಲೇರುವಾಗ ಬಯಲು ರಾಗಿ ಒಕ್ಕುವ ಕಣದಂತಾಗಿತ್ತು.

ಬಂದವರೆಲ್ಲ ಕಣ್ಣು ಕಣ್ಣು ಬಿಟ್ಟರು. ಇದು ಯಾರ ಕೆಲಸ? ಅವನು ಇವನನ್ನು ಓರೆಗಣ್ಣಿನಿಂದ ನೋಡಿದ, ಇವನು ಅವನನ್ನು. ಹಾಗೇ ರೇಸು ಶುರುವಾಯಿತು. ಆ ಗಟ್ಟಿ ನೆಲದಲ್ಲಿ ಟೈರು ಜಾರದೆ ಕಚ್ಚಿ ಹಿಡಿಯಿತು. ಕಂಬಿ ಇಲ್ಲದ ಕಾರುಗಳು ತಿರುವಿಗೆ ಬರುತ್ತಲೇ ಒಂದೊಂದಾಗಿ ಮಗುಚಿದವು. ಮೇಸ್ತ್ರಿಯ ಕಾರೊಂದೇ ನೆಟ್ಟಗೆ ಓಡಿ ಗೆದ್ದಿತು.

ಮೇಸ್ತ್ರಿ ಗೆದ್ದವರಿಗೆ ಇಟ್ಟಿದ್ದ ಕಪ್ಪಿಗೆ ಕೈ ಚಾಚಿದ. ಇದಾಯತ್ ತಡೆದ. ನೆಲ ಸಮ ಆದ ದಿನವೇ ನಿನ್ನ ಕಾರಿಗೆ ದಪ್ಪ ಕಂಬಿ ಹೇಗೆ ಬಂತು ಅಂದ. ಹೌದಲ್ಲ ಅಂದರು ಎಲ್ಲರೂ. ಮೇಸ್ತ್ರಿ ಆಣೆ ಇಟ್ಟ, ಪ್ರಮಾಣ ಮಾಡಿದ. ಜನ್ಮವೆಲ್ಲ ಊರವರನ್ನು ಅನುಮಾನಿಸಿದವನ ಮಾತನ್ನು ಊರವರು ಯಾಕೆ ನಂಬುತ್ತಾರೆ? ಅಷ್ಟರಲ್ಲಿ ಗುದ್ದಲಿ ಹಿಡಿದು ನಿಂತ ಗುರುಸಿದ್ದ ಕಣ್ಣಿಗೆ ಬಿದ್ದ.

"ಏನಪ್ಪ, ನೆಲ ಸಮ ಮಾಡು ಅಂತ ನಿಂಗೆ ಹೇಳಿದ್ಯಾರು?"

"ಅದು ಹೇಳಂಗಿಲ್ಲ" ಅಂದ ಗುರುಸಿದ್ದ. "ತಮ್ಮ ಹೆಸರು ಹೇಳಬಾರದು ಅಂತ ಪಾಲಾಕ್ಷಿ ಮೇಸ್ತ್ರಿ ಹೇಳಿದಾರೆ."

ಕಪ್ಪು ಹೋಯಿತು. ಮೇಸ್ತ್ರಿಯ ಮುಖ ಕಪ್ಪಿಟ್ಟಿತು. "ನಾಳೆಯಿಂದ ನನ್ನ ಗ್ಯಾರೇಜಿನ ಕಡೆ ಮುಖ ಹಾಕಬೇಡ" ಅಂದುಬಿಟ್ಟ.

ಸಾವಂತ್ರಮ್ಮ ಈ ಸಲ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಊರಲ್ಲಿ ಇದ್ದದ್ದು ಅದೊಂದೇ ಬಾಗಿಲು. ತಾಯಿ ಯಾಕೆ ಅಳುತ್ತಾಳೋ ಗುರುಸಿದ್ದನಿಗೆ ತಿಳಿಯಲಿಲ್ಲ, ಆದರೂ ಅವಳ ಪಕ್ಕದಲ್ಲೇ ಕೂತುಕೊಂಡ.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಗ್ಯಾರೇಜಿನ ಬಾಗಿಲು ತೆಗೆದ. ರಸ್ತೆಯ ತುದಿಯಿಂದ ಒಂದು ಬೆನ್ನು ಬರುತ್ತಿತ್ತು. ಹಿಮ್ಮಡಿ ಮುಂದೆ, ಮುಖ ಹಿಂದೆ. ಬೆನ್ನು ಹೂವಿನವಳ ಬುಟ್ಟಿಗೆ ತಾಗಿತು, ಸೈಕಲ್ಲಿಗೆ ತಾಗಿತು, ಗ್ಯಾರೇಜಿನೊಳಗೆ ಬಂದು ಮೇಸ್ತ್ರಿಯ ಹೊಟ್ಟೆಗೆ ತಾಗಿ ನಿಂತಿತು.

"ಮುಖ ಹಾಕಿಲ್ಲ ಮೇಸ್ತ್ರಿ" ಅಂದ ಗುರುಸಿದ್ದ. "ಕೆಲಸ ಏನು?"

ಮೇಸ್ತ್ರಿಗೆ ನೆತ್ತಿಗೇರಿತು. ಹೊಳೆಗೆ ಬೀಳು ಹೋಗು ಅನ್ನಲು ಬಾಯಿ ತೆರೆದ. ಹೊಳೆ ಕೂಗಳತೆಯಲ್ಲೇ ಇತ್ತು. ಅಂದರೆ ಇವನು ಬಿದ್ದೇಬಿಡುತ್ತಾನೆ. ಯಾರ್ಯಾರನ್ನೋ ಅನುಮಾನಿಸಿದವನಿಗೆ ಅವತ್ತು ಮೊದಲ ಬಾರಿ ತನ್ನ ನಾಲಿಗೆಯ ಮೇಲೇ ಅನುಮಾನ ಬಂತು. ಬಾಯಿ ಮುಚ್ಚಿಕೊಂಡು, ಆ ಬೆನ್ನಿನ ಭುಜದ ಮೇಲಿಂದ ಒಂದು ಸ್ಪ್ಯಾನರ್ ದಾಟಿಸಿದ.

ಹೋಗು ಅಂತ ಯಾರೂ ಹೇಳಲಿಲ್ಲ. ಹೇಳದೆ ಹೋಗುವವನಲ್ಲ ಗುರುಸಿದ್ದ. ಮೇಸ್ತ್ರಿ ಈಗಲೂ ಬಾಯಿ ಬಿಟ್ಟಿಲ್ಲ, ಗುರುಸಿದ್ದ ಈಗಲೂ ಬೆನ್ನು ತಿರುಗಿಸಿಕೊಂಡೇ ನಟ್ಟು ಬಿಗಿಯುತ್ತಿದ್ದಾನೆ.