ಹೊಳೆಗೆ ಎಸೆದ ಕಲ್ಲು

ಹೊಳೆಯ ದಂಡೆಯಲ್ಲಿ ಕಲಿದೇವ ವೈದ್ಯರ ಆಶ್ರಮವಿತ್ತು. ವೈದ್ಯವಿದ್ಯೆ ಕಲಿಯಲೆಂದು ಬೊಪ್ಪಯ್ಯನೆಂಬ ತರುಣ ಅಲ್ಲಿಗೆ ಬಂದ. ದೇಹದಲ್ಲಿ ಏನೇನಿದೆ ಎಂದು ಹೇಳುವ ಮುನ್ನೂರು ಶ್ಲೋಕಗಳನ್ನು ಊರಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದ.

"ಮೊದಲ ವರ್ಷ ಏನಿರುತ್ತದೆ, ಅಣ್ಣಾ?" ಎಂದು ಹಿರಿಯ ಶಿಷ್ಯ ರೇಚಣ್ಣನನ್ನು ಕೇಳಿದ.

"ನನಗಂತೂ ಎರಡು ಪಾಲು ಊಟವಿರುತ್ತದೆ. ನಿನ್ನದು ನಿನಗೆ ಸೇರುವುದಿಲ್ಲ, ನೋಡುತ್ತಿರು" ಎಂದು ರೇಚಣ್ಣ ನಕ್ಕ.

ಮರುದಿನ ಬೆಳಿಗ್ಗೆ ಗುರುಗಳು ಬೊಪ್ಪಯ್ಯನನ್ನು ನೀರಿಗಿಳಿಸಿದರು. ಹರಿವಿನ ನಡುವೆ ಗೂಟಕ್ಕೆ ಕಟ್ಟಿದ ಒಂದು ಬಿದಿರಿನ ಪಂಜರ. ಸುತ್ತ ಹುಲ್ಲು ಸುತ್ತಿತ್ತು.

"ಮೀನು ಹಿಡಿಯುವ ಕೂಳಿಯೇ, ಗುರುಗಳೇ? ಆಶ್ರಮದಲ್ಲಿ ಮೀನು ತಿನ್ನುತ್ತಾರೆಯೇ?"

ಗುರುಗಳು ಹುಲ್ಲು ಸರಿಸಿದರು.

ಒಳಗೆ ಒಬ್ಬ ಮನುಷ್ಯನಿದ್ದ. ಸತ್ತು ಏಳು ದಿನವಾಗಿತ್ತು.

ಬೊಪ್ಪಯ್ಯ ದಂಡೆಗೆ ಓಡಿದ. ಶಿವ ಶಿವಾ ಎನ್ನುತ್ತ ಉಟ್ಟ ಬಟ್ಟೆಯಲ್ಲೇ ಮೂರು ಸಲ ಮುಳುಗಿದ. ಗುರುಗಳು ಕಾದರು.

"ಇದು ಪಾಪವಲ್ಲವೇ, ಗುರುಗಳೇ?"

"ಅವನೇ ಬದುಕಿದ್ದಾಗ ಕೊಡುತ್ತೇನೆಂದ ದೇಹ. ಕೈಮುಗಿದು ಮುಟ್ಟು."

"ಯಾರು ಇವನು? ಏನಾಗಿ ಸತ್ತ?"

"ಇಲ್ಲಿ ಅದನ್ನು ಕೇಳುವ ಹಾಗಿಲ್ಲ. ನಾನೂ ಕೇಳಿಲ್ಲ. ರೋಗದ ಹೆಸರು ಕಿವಿಗೆ ಬಿದ್ದರೆ ಕಣ್ಣು ಅದೊಂದನ್ನೇ ನೋಡುತ್ತದೆ. ವರ್ಷದ ಕೊನೆಗೆ ಮೂಳೆಗಳನ್ನು ನೀನೇ ಅವನ ಮನೆಗೆ ಹೊತ್ತುಕೊಂಡು ಹೋಗಬೇಕು. ಮನೆಯವರು ಒಂದು ಪ್ರಶ್ನೆ ಕೇಳುತ್ತಾರೆ. ಉತ್ತರ ಹೇಳಿದರೆ ಇಲ್ಲಿಗೆ ವಾಪಸು ಬಾ. ಹೇಳಲಾಗದಿದ್ದರೆ ಅಲ್ಲಿಂದಲೇ ನಿನ್ನ ಊರಿಗೆ."

ಲಾವಂಚದ ಬೇರಿನ ಕುಂಚದಿಂದ ಮೆಲ್ಲಗೆ ಉಜ್ಜುವುದು, ಒಂದೊಂದೇ ಪದರ ಬಿಡಿಸಿ ನೋಡುವುದು. ಇದೇ ಪಾಠ.

ನಾಲ್ಕು ದಿನ ಬೊಪ್ಪಯ್ಯನಿಗೆ ಅನ್ನ ಸೇರಲಿಲ್ಲ. ಅವನ ಪಾಲಿನ ಊಟವನ್ನು ರೇಚಣ್ಣನೇ ಉಂಡ. ಐದನೆಯ ದಿನ ತನ್ನ ಪಾಲನ್ನು ತಾನೇ ಉಂಡ. ಒಂದು ಸಾಲು ಹೇಳಿ ಕುಂಚ ಆಡಿಸಿದರೆ ಶ್ಲೋಕದಲ್ಲಿದ್ದದ್ದು ಕಣ್ಣೆದುರು ಬರುತ್ತಿತ್ತು. ಅವನಿಗೆ ಹೆಮ್ಮೆಯಾಯಿತು.

ಆರನೆಯ ದಿನ ಮೂತ್ರದ ಚೀಲ ಬಿಡಿಸಿದಾಗ ಒಳಗೊಂದು ಗಟ್ಟಿ ಉಂಡೆ ಸಿಕ್ಕಿತು. ಬೂದು ಬಣ್ಣ, ತರಿತರಿ, ಒಂದು ಕಡೆ ಚಕ್ಕೆ ಎದ್ದಿತ್ತು. ಮುನ್ನೂರು ಶ್ಲೋಕಗಳನ್ನೂ ಮನಸ್ಸಿನಲ್ಲಿ ಹಾಯಿಸಿದ. ಎಲ್ಲೂ ಇಂಥದ್ದಿರಲಿಲ್ಲ. ಹೊಳೆಗೆ ಎಸೆದ.

"ಏನದು, ಬೊಪ್ಪಾ?" ದಂಡೆಯಿಂದ ಗುರುಗಳು ಕೇಳಿದರು.

"ಹೊಳೆಯ ಕಲ್ಲು, ಗುರುಗಳೇ. ಹೇಗೋ ಸೇರಿಕೊಂಡಿತ್ತು."

"ಆಗಲಿ. ಮುಂದೆ ನಡೆಸು."

ವರ್ಷ ಕಳೆಯಿತು. ಪ್ರತಿ ಮೂಳೆಯ ಹೆಸರೂ ಬೊಪ್ಪಯ್ಯನ ನಾಲಿಗೆಯ ಮೇಲಿತ್ತು. ಹೊಸ ಬಟ್ಟೆಯಲ್ಲಿ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಟ. ಗುರುಗಳು ಹಿಂದೆ ನಡೆದರು. ದೇಹ ತಂದುಕೊಟ್ಟಿದ್ದವರು ದಾರಿ ತೋರಿಸಿದರು.

ಅದು ಅಂಬಿಗರ ಮನೆ. ಸತ್ತವನ ಹೆಂಡತಿ ಹೊನ್ನವ್ವ ಗಂಟನ್ನು ತೆಗೆದುಕೊಂಡು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡಳು. ಮಗ ಹುಲುಗಪ್ಪ ಬಾಗಿಲಿಗೆ ಒರಗಿ ನಿಂತಿದ್ದ.

"ಕೇಳಲಾ, ಸ್ವಾಮಿ?" ಎಂದಳು ಹೊನ್ನವ್ವ.

"ಕೇಳವ್ವಾ" ಎಂದ ಬೊಪ್ಪಯ್ಯ.

"ಮೂರು ವರ್ಷ ಉಚ್ಚೆಗೆ ಕೂತಾಗೆಲ್ಲ ಕಿರುಚುತ್ತಿದ್ದ. ದೋಣಿ ಬಿಟ್ಟು ಮರಳಲ್ಲಿ ಹೊರಳುತ್ತಿದ್ದ. ನೋಡಲಾರದೆ ಕೊನೆಯ ತಿಂಗಳು ನಾನೊಂದು ಬೇರು ಅರೆದು ಕುಡಿಸಿದೆ. ಅದರಿಂದಲೇ ಸತ್ತ ಅಂತ ಈ ಮಗ ಅಂದಿನಿಂದ ನನ್ನ ಕೈಯ ಅನ್ನ ಮುಟ್ಟಿಲ್ಲ. ಒಳಗೆ ಏನಿತ್ತು, ಸ್ವಾಮಿ? ನೀನು ನೋಡಿದೆಯಲ್ಲ?"

ಆ ತರಿತರಿ ಉಂಡೆ ಈಗ ತಾನೇ ಬೊಪ್ಪಯ್ಯನ ಬೆರಳಿಗೆ ತಗುಲಿದಂತಾಯಿತು. ಅವನು ಹೊನ್ನವ್ವನ ಎದುರು ಕೂತ.

"ಕಲ್ಲಿತ್ತು, ಅವ್ವಾ. ಮೂತ್ರದ ಚೀಲದಲ್ಲಿ. ಹೊಳೆಯ ಕಲ್ಲೆಂದು ತಿಳಿದು... ಎಸೆದುಬಿಟ್ಟೆ."

"ಎಸೆದೆಯಾ!" ಹುಲುಗಪ್ಪ ನಕ್ಕ. "ಭಲೇ ವೈದ್ಯ. ಹೀಗೆ ಹೇಳು ಅಂತ ಅವ್ವ ಯಾವಾಗ ಹೇಳಿಕೊಟ್ಟಳು? ಯಾರಯ್ಯಾ ನೋಡಿದವರು?"

ಬೊಪ್ಪಯ್ಯ ತಿರುಗಿ ಗುರುಗಳ ಮುಖ ನೋಡಿದ. ಹೂಂ ಎಂದರೆ ಸಾಕಿತ್ತು.

"ಎಸೆದದ್ದನ್ನು ನೋಡಿದೆ. ಕಲ್ಲನ್ನು ನೋಡಲಿಲ್ಲ" ಎಂದರು ಗುರುಗಳು.

ಬೊಪ್ಪಯ್ಯ ನಿಧಾನವಾಗಿ ಎದ್ದು ಹುಲುಗಪ್ಪನ ಎದುರು ನಿಂತ.

"ಅಪ್ಪಾ, ಆ ಚೀಲ ಎಲ್ಲೂ ಹರಿದಿರಲಿಲ್ಲ. ನಾನೇ ಬಿಡಿಸಿದ್ದು. ಅಷ್ಟು ದೊಡ್ಡ ಹೊಳೆಯ ಕಲ್ಲು ಅದರೊಳಗೆ ಹೋಗಲು ದಾರಿಯೇ ಇಲ್ಲ. ಒಂದು ಕಡೆ ಚಕ್ಕೆ ಎದ್ದಿತ್ತು, ಒಳಗೆ ಪದರದ ಮೇಲೆ ಪದರ ಕಟ್ಟಿತ್ತು. ಒಂದು ತಿಂಗಳಲ್ಲಿ ಬೆಳೆದದ್ದಲ್ಲ ಅದು, ಬೇರು ಕುಡಿಸುವುದಕ್ಕೂ ಎಷ್ಟೋ ಮೊದಲಿನದು. ಅಂದೇ ಇಷ್ಟು ಯೋಚಿಸಿದ್ದರೆ ಈಗ ನಿನ್ನ ಅಂಗೈಯಲ್ಲಿ ಇಡುತ್ತಿದ್ದೆ. ತಪ್ಪು ನನ್ನದು. ನಿಮ್ಮವ್ವನದಲ್ಲ."

ಹುಲುಗಪ್ಪನ ನಗು ನಿಂತಿತು.

"ಎಷ್ಟು ದಪ್ಪ ಇತ್ತು?" ಹೊನ್ನವ್ವ ಕೇಳಿದಳು.

"ನೆಲ್ಲಿಕಾಯಿಯಷ್ಟು."

"ಅದನ್ನು ಒಳಗಿಟ್ಟುಕೊಂಡು ದೋಣಿಯ ಹುಟ್ಟು ಹಾಕಿದನೇ! ಅಯ್ಯೋ ಶಿವನೇ. ಸೋಮಾರಿ ಅಂತ ನಾನೂ ಎಷ್ಟು ಸಲ ಬೈದೆ."

ಅವಳ ಅಳು ಆಗ ಬಂತು, ವರ್ಷವಿಡೀ ತಡೆದದ್ದು. ಹುಲುಗಪ್ಪ ತಲೆ ಬಗ್ಗಿಸಿ ಒಳಗೆ ಹೋಗಿ ಒಲೆಯ ಮುಂದೆ ಕೂತ.

"ಅವ್ವಾ, ಹಸಿವಾಗಿದೆ" ಎಂದ.

ಗುರುಶಿಷ್ಯರು ಹಿಂದಿರುಗಿ ಹೊರಟರು. ಊರು ದಾಟಿತು. ಗುರುಗಳು ತಿರುಗಿ ನೋಡದೆ ಮುಂದೆ ನಡೆದರು. ಅವರ ಹೆಜ್ಜೆ ಎಂದಿನಂತಿರಲಿಲ್ಲ. ಎರಡು ಸಲ ಎಡವಿದರು.

ಬೊಪ್ಪಯ್ಯನಿಗೆ ತಡೆಯಲಾಗಲಿಲ್ಲ.

"ನನ್ನ ಮೇಲೆ ಕೋಪವೇ, ಗುರುಗಳೇ? ನಾನು ಊರಿಗೆ ಹೋಗಲೇ?"

ಗುರುಗಳು ದಾರಿಯ ನಡುವೆಯೇ ನಿಂತರು. ಮುಖ ಬಿಳಿಚಿತ್ತು.

"ಸ್ವಲ್ಪ ಹೊತ್ತು ಮಾತಾಡಿಸಬೇಡ, ಬೊಪ್ಪಾ. ಈ ನಲವತ್ತು ವರ್ಷದಲ್ಲಿ ಎಷ್ಟು ಶಿಷ್ಯರಿಗೆ ನಾನು 'ಆಗಲಿ, ಮುಂದೆ ನಡೆಸು' ಅಂದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೇನೆ."